ಕಾಯುವ ಪಟ್ಟಿಯ ಮೊದಲ ಹುಡುಗಿ

ಮೆಡಿಕಲ್ ಸೀಟು ಹಂಚುವ ಹಾಲ್‌ನಲ್ಲಿ ಮಗಳ ಪಕ್ಕ ಕೂತಿದ್ದ ಮೂಳೆ ಡಾಕ್ಟರಮ್ಮನಿಗೆ, ಎರಡು ಸಾಲು ಹಿಂದೆ ತಮ್ಮ ಆಸ್ಪತ್ರೆಯ ಪ್ಲಾಸ್ಟರ್ ಕಟ್ಟುವಾತ ಕಂಡ. ಆತನ ಪಕ್ಕದಲ್ಲೂ ಒಬ್ಬ ಮಗಳಿದ್ದಳು.

ಎರಡೂ ಮನೆಯವರದು ಒಂದೇ ಜನಾಂಗ, ಮೈಬಣ್ಣ ನೋಡಿಯೇ ಊರು ದೂರವಿಟ್ಟ ಜನ. ಇಪ್ಪತ್ತು ವರ್ಷದ ಹಿಂದೆ ಮೀಸಲು ಸೀಟಿನಲ್ಲಿ ಓದಿ ಬಂದ ಆಕೆಗೆ ದೊಡ್ಡ ಡಾಕ್ಟರುಗಳು ಕೆಲಸ ಕಲಿಸುವುದಿರಲಿ, ಮುಖ ಕೊಟ್ಟು ಮಾತಾಡುತ್ತಲೂ ಇರಲಿಲ್ಲ. ಪ್ಲಾಸ್ಟರ್ ಬಟ್ಟೆ ಎಷ್ಟು ನೆನೆಯಬೇಕು, ಮುರಿದ ಕೈಯನ್ನು ಹೇಗೆ ಹಿಡಿದರೆ ಮಗು ಅಳುವುದಿಲ್ಲ ಎಂದು ಪಿಸುಗುಟ್ಟಿ ಹೇಳಿಕೊಟ್ಟವನು ಈತನೇ.

ಆತ ನಗುತ್ತಾ ಎದ್ದು ಬಂದ. ತನ್ನ ಮಗಳು ಕಾಯುವ ಪಟ್ಟಿಯಲ್ಲಿ ಮೊದಲನೆಯವಳು, ಮೀಸಲಿನಲ್ಲಿ ಉಳಿದಿರುವುದು ಒಂದೇ ಸೀಟು, ಅದು ಸಿಕ್ಕಿದವರು ಯಾರೋ ಬಿಟ್ಟುಕೊಟ್ಟರೆ ಇವಳಿಗೆ ಎಂದು ವಿವರಿಸಿದ.

"ನಮಗೋಸ್ಕರ ರಜೆ ಹಾಕಿ ಬಂದ್ರಾ ಮೇಡಂ? ನೀವಿದ್ದೀರಲ್ಲ, ಇನ್ನು ನನಗೆ ಧೈರ್ಯ."

ಆ ಯಾರೋ ಎಂಬವಳು, ಆತ ಹಿಂದೆಂದೂ ನೋಡಿರದ ಡಾಕ್ಟರಮ್ಮನ ಮಗಳು, ಪಕ್ಕದಲ್ಲೇ ಫೈಲು ತಬ್ಬಿಕೊಂಡು ಕೂತಿದ್ದಳು. ಡಾಕ್ಟರಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನುವ ಎದೆಗಾರಿಕೆಯೂ ಬರಲಿಲ್ಲ.

ಆತ ಹಿಂದಕ್ಕೆ ಹೋಗಿ ಕೂತ ಮೇಲೆ ಮಗಳ ಕಿವಿಯ ಬಳಿ ಬಾಗಿದಳು. ಸಾಮಾನ್ಯ ಪಟ್ಟಿಯಲ್ಲೂ ನಿನಗೊಂದು ಸೀಟಿದೆ, ಕಾಲೇಜು ದೂರದ್ದು, ಹೊಸದು, ಆದರೂ ಅದನ್ನು ತೆಗೆದುಕೊಂಡು ಇದನ್ನು ಬಿಟ್ಟುಬಿಡು ಎಂದಳು.

ಮಗಳು ದನಿ ಏರಿಸಲಿಲ್ಲ. "ಅಮ್ಮ, ನಿನ್ನನ್ನ ಇವತ್ತಿಗೂ ಮೀಸಲು ಡಾಕ್ಟರ್ ಅಂತಾರೆ. ನನ್ನನ್ನ ಸ್ಕೂಲಲ್ಲಿ ಏನಂತ ಕರೀತಿದ್ರು, ನಿಂಗೊತ್ತು. ನೀನು ಡಾಕ್ಟರಾದೆ ಅಂತ ನನ್ನ ಬಣ್ಣ ಬದಲಾಯ್ತಾ?"

ಸುಳ್ಳಾಗಿದ್ದರೆ ಗದರಿ ಬಾಯಿ ಮುಚ್ಚಿಸಬಹುದಿತ್ತು. ಮಗಳು ಹೇಳಿದ್ದೂ ನಿಜ, ಹಿಂದೆ ಕೂತವನ ಉಪಕಾರವೂ ನಿಜ. ಅಷ್ಟರಲ್ಲಿ ಗುಮಾಸ್ತ ಮಗಳ ನಂಬರನ್ನೂ ತಾಯಿಯ ಹೆಸರನ್ನೂ ಕೂಗಿದ. ತಡೆಯುವುದಕ್ಕೆ ಒಮ್ಮೆ ಕೈ ಚಾಚಿದ್ದರೆ ಸಾಕಿತ್ತು. ಎಷ್ಟೋ ಜನರ ಮೂಳೆ ಕೂಡಿಸಿದ ಆ ಕೈ ಮಡಿಲಿನಿಂದ ಏಳಲಿಲ್ಲ. ಮಗಳು ಹೋಗಿ ಸಹಿ ಹಾಕಿದಳು. ಮೀಸಲು ಸೀಟು ಮುಗಿಯಿತೆಂದು ಗುಮಾಸ್ತ ಮೈಕಿನಲ್ಲಿ ಹೇಳಿದ.

ಹೊರಗೆ ಮೆಟ್ಟಿಲ ಬಳಿ ಅಪ್ಪ, ಮಗಳು ನಿಂತಿದ್ದರು. ಆತ ನಾಲ್ಕು ಬಿರುಮಾತು ಆಡಿದ್ದರೆ ಡಾಕ್ಟರಮ್ಮ ತಡೆದುಕೊಳ್ಳುತ್ತಿದ್ದಳು.

"ಇರ್ಲಿ ಬಿಡಿ ಮೇಡಂ, ನಮ್ಮವರ ಮಗೂಗೇ ಸಿಕ್ತಲ್ಲ," ಎಂದು ಆತ ಮಗಳ ಬೆನ್ನು ಮುಟ್ಟಿದ. "ಮೇಡಂಗೆ ನಮಸ್ಕಾರ ಮಾಡಮ್ಮ."

ಹುಡುಗಿ ಡಾಕ್ಟರಮ್ಮನನ್ನೇ ನೋಡುತ್ತ ನಿಂತಳು. ಕೈ ಜೋಡಿಸಲಿಲ್ಲ.