ಬರಿಕ್ಕಾಳ ವಯಸ್ಸು

ಕಾರ್ಥೇಜಿನ ಬರಿಕ್ಕಾಳ ವಯಸ್ಸು ಮೂವತ್ತು ವರ್ಷದಿಂದ ನಲವತ್ತಕ್ಕೇ ನಿಂತಿತ್ತು. ಅವಳು ಕೂದಲಿಗೆ ಬಳಿದ ಕಪ್ಪು ಇಡೀ ರೋಮಿನ ಹಡಗುಪಡೆಗೆ ಬಳಿಯಲು ಸಾಕಾಗುತ್ತಿತ್ತು. ಗಂಡ ಸತ್ತ ಮೇಲೆ ಹೊಟ್ಟೆಗೆ ತತ್ವಾರ. ಕ್ರೈಸ್ತರ ಸಭೆಯ ವಿಧವೆಯರ ಪಟ್ಟಿಗೆ ಸೇರಿದರೆ ವಾರವಾರ ರೊಟ್ಟಿ, ಎಣ್ಣೆ ಸಿಗುತ್ತಿತ್ತು; ಆದರೆ ಅರವತ್ತು ತುಂಬಿರಬೇಕು. ಬರಿಕ್ಕಾ ಸಭೆಗೆ ಹೋಗಿ ತನಗೆ ಅರವತ್ತು ತುಂಬಿತು ಅಂದಳು.

“ಹೋದ ವಾರ ನಲವತ್ತು ಅಂದ್ರಲ್ಲಮ್ಮಾ?” ಪಟ್ಟಿ ಹಿಡಿದಿದ್ದ ಸಭೆಯ ಸೇವಕ, ಡೀಕನ್ ರೊಗಾತ ಹಲ್ಲು ಕಿರಿದ. ಸಭೆ ನಕ್ಕ ಸದ್ದಿಗೆ ರೋಮಿನಲ್ಲಿ ಚಕ್ರವರ್ತಿಯ ನಿದ್ದೆ ಕೆಟ್ಟಿತು.

ಬರಿಕ್ಕಾ ಪೀಠದಲ್ಲಿದ್ದ ಬಿಳಿಗಡ್ಡದ ಬಿಷಪ್ಪರತ್ತ ಬೆರಳು ತೋರಿಸಿದಳು. “ಲೋ, ಇವನ ಹೊಕ್ಕುಳಬಳ್ಳಿ ಕೊಯ್ದವಳೇ ನಾನು! ಹತ್ತು ವರ್ಷ ತುಂಬಿದ್ರೂ ಹಾಸಿಗೇಲಿ—”

“ಬರ್ಕೊಳಯ್ಯಾ, ಬೇಗ!” ಬಿಷಪ್ಪರು ಬೆವೆತರು. “ಎಂಬತ್ತು!”

“ಎಂಬತ್ತಾ? ನಿನ್ನ ನಾಲಿಗೆ ಸೇದಿಹೋಗ! ಅರವತ್ತು ಅಂತ ಬರೀರಿ. ಮೇಲೆ ಒಂದೇ ಒಂದು ದಿನ ಹಾಕಿದ್ರೂ ನಿಮ್ಮ ರೊಟ್ಟಿ ನೀವೇ ತಿನ್ನಿ!”