ಅದೇ ಸ್ವರೂಪದ ಇತರ ತ್ಯಾಜ್ಯ

ಕಸ ಸುಡುವ ಘಟಕದ ಗೇಟಿನಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತ ನಾನು. ಒಳಗೆ ಬರುವ ಪ್ರತಿ ಲಾರಿಗೂ ಒಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ಮನೆ ಕಸಕ್ಕೆ ಹಸಿರು ಚೀಟಿ, ಅದು ನಮ್ಮ ಕುಲುಮೆಗೆ. ಆಸ್ಪತ್ರೆಯದೋ ಕಾರ್ಖಾನೆಯದೋ ಆದರೆ ಕೆಂಪು. ಅದು ಮೂರು ಗಂಟೆ ದಾರಿಯಾಚೆಯ, ಇನ್ನೂ ಹೆಚ್ಚು ಬಿಸಿಯ ಕುಲುಮೆಗೆ ಹೋಗಬೇಕು. ಮೇಜಿನ ಗಾಜಿನಡಿ ಕಾನೂನಿನ ವ್ಯಾಖ್ಯೆ ಇಟ್ಟಿದ್ದಾರೆ. ನನಗದು ಮಗ್ಗಿಯಂತೆ ಬಾಯಿಪಾಠ: ‘ಪೌರ ತ್ಯಾಜ್ಯ ಎಂದರೆ ಮನೆಗಳಲ್ಲಿ ಉಂಟಾಗುವ ತ್ಯಾಜ್ಯ, ಮತ್ತು ಅಂಗಡಿ, ಕಚೇರಿ, ಸಂಸ್ಥೆಗಳಲ್ಲಿ ಉಂಟಾಗುವ ಅದೇ ಸ್ವರೂಪದ ಇತರ ತ್ಯಾಜ್ಯ.’

ಬರೆದ ಪುಣ್ಯಾತ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟುಹೋಗಿದ್ದಾನೆ. ಅದೇ ಸ್ವರೂಪ ಎಂದರೆ ಯಾವ ಸ್ವರೂಪ? ಕೆಲಸಕ್ಕೆ ಸೇರಿದ ವಾರವೇ ಒಂದು ಲಾರಿಯಲ್ಲಿ ಸಿರಿಂಜು, ರಕ್ತ ಮೆತ್ತಿದ ಹತ್ತಿ ಕಂಡು ಕೆಂಪು ಪುಸ್ತಕಕ್ಕೆ ಕೈಹಾಕಿದ್ದೆ. ಮೇಲ್ವಿಚಾರಕರು ಭುಜ ತಟ್ಟಿದರು.

“ಆಸ್ಪತ್ರೇನೂ ಒಂದು ಸಂಸ್ಥೆ ತಾನೆ? ಅದೇ ಸ್ವರೂಪದ್ದು ಅಂತ ಬರೀರಿ. ಮೂರು ಗಂಟೆ ಯಾರು ಓಡಿಸ್ತಾರೆ?”

ಬರೆದೆ. ಆಮೇಲೆ ಬಣ್ಣದ ಡಬ್ಬಿ, ಬ್ಯಾಟರಿ, ವಾಸನೆಗೇ ಕಣ್ಣಲ್ಲಿ ನೀರು ಬರಿಸುವ ಹೆಸರಿಲ್ಲದ ಪುಡಿ, ಎಲ್ಲವೂ ನನ್ನ ದುಂಡನೆಯ ಅಕ್ಷರದಲ್ಲಿ ಪೌರ ತ್ಯಾಜ್ಯವಾದವು. ಹೇಡಿ ನಾನು, ಬೇರೆ ಹೆಸರು ಬೇಡ.

ಒಳಗೆ ಆ ಕುಲುಮೆಯ ಬಾಯಿಗೆ ಕಸ ತಳ್ಳುತ್ತಿದ್ದವನು ನನ್ನ ತಮ್ಮ. ಕೆಲಸ ಕೊಡಿಸಿದ್ದೂ ನಾನೇ. ಊಟದ ಹೊತ್ತಿಗೆ ಕೆಮ್ಮುತ್ತ ಬಂದು ಕಿಚಾಯಿಸುತ್ತಿದ್ದ: “ಏನಣ್ಣ, ನೀನು ಹಸಿರು ಚೀಟಿ ಕೊಟ್ಟಿದ್ದು ಹೊಗೆಗೆ ಗೊತ್ತಾಗುತ್ತಾ?” ಇಬ್ಬರೂ ನಗುತ್ತಿದ್ದೆವು.

ಈಗ ಅವನಿಗೆ ನಾಲ್ಕು ಮೆಟ್ಟಿಲು ಹತ್ತಲಾಗುವುದಿಲ್ಲ. ಶ್ವಾಸಕೋಶ ಅರ್ಧ ಹೋಗಿದೆ ಎಂದರು ಡಾಕ್ಟರು. ಕೆಲಸದಿಂದ ಬಂದ ಕಾಯಿಲೆ ಎಂದು ಕಾರ್ಮಿಕ ಕಚೇರಿ ಬರೆದುಕೊಟ್ಟರೆ ಮಾತ್ರ ದೊಡ್ಡಾಸ್ಪತ್ರೆ ಸೇರಿಸಿಕೊಳ್ಳುತ್ತದೆ. ಅದಕ್ಕೆ ನಮ್ಮ ಕುಲುಮೆಯಲ್ಲಿ ಕೆಂಪು ಚೀಟಿಯ ಕಸ ಸುಟ್ಟಿದ್ದು ಸಾಬೀತಾಗಬೇಕು. ಮನೆ ಕಸದ ಹೊಗೆಗೆ ಈ ಕಾಯಿಲೆ ಬರುವುದಿಲ್ಲವಂತೆ, ಹಾಗೆಂದು ಅವರ ಪಟ್ಟಿ ಹೇಳುತ್ತದೆ.

ಸೋಮವಾರ ಆ ಕಚೇರಿಗೆ ಹೋಗಿ ಅಧಿಕಾರಿಣಿಯ ಎದುರು ಎಲ್ಲ ಒಪ್ಪಿಕೊಂಡೆ. ನೌಕರಿ ಹೋದರೆ ಹೋಗಲಿ, ಜೈಲಾದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ತರಿಸಿಟ್ಟಿದ್ದ ನನ್ನ ರಿಜಿಸ್ಟರುಗಳನ್ನು ಮುಂದೆ ಸರಿಸಿದರು.

“ಯಾವ ದಿನ, ಯಾವ ಲಾರಿ ಅಂತ ತೋರಿಸಿ. ಒಂದೇ ಒಂದು ಸಾಕು.”

ಮೊದಲ ವಾರದ ಪುಟ ತೆಗೆದೆ. ಮತ್ತೆ ಮತ್ತೆ ಬರುವ ಅವೇ ಆರು ಲಾರಿಗಳು, ನಲವತ್ತು ಸಾಲು, ನಲವತ್ತರಲ್ಲೂ ‘ಪೌರ ತ್ಯಾಜ್ಯ’ ಎಂಬ ಅದೇ ಮಾತು. ಸಿರಿಂಜಿನದು ಯಾವುದು, ತರಕಾರಿ ಸಿಪ್ಪೆಯದು ಯಾವುದು, ಬರೆದ ನನಗೇ ತಿಳಿಯಲಿಲ್ಲ. ಉಳಿದ ಪುಟಗಳ ಕಥೆಯೂ ಅಷ್ಟೇ.

“ತಮ್ಮನ ಮೇಲಿನ ಪ್ರೀತಿಗೆ ಹೇಳ್ತಿದ್ದೀರಿ, ಅರ್ಥ ಆಗುತ್ತೆ,” ಎಂದರು ಆಕೆ. “ಆದ್ರೆ ಇದು ನಿಮ್ಮ ಸಹೀನೇ ಅಲ್ವಾ?”

ನನ್ನದೇ ಸಹಿ.

ಮನೆಗೆ ಬಂದಾಗ ತಮ್ಮ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದ. ಆಸ್ಪತ್ರೆಗೆಂದು ಅವನ ಹೆಂಡತಿ ಬೆಳಗ್ಗೆಯೇ ಬಟ್ಟೆ ಚೀಲ ಕಟ್ಟಿಟ್ಟಿದ್ದಳು. ನಡೆದದ್ದೆಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಿನ್ನ ಅಕ್ಷರ ಚಿಕ್ಕಂದಿನಿಂದಲೂ ಚೆಂದ,” ಎಂದ, ಮಾತುಮಾತಿಗೂ ಉಸಿರೆಳೆದುಕೊಳ್ಳುತ್ತ. “ಅಪ್ಪ ಮನೆಗೆ ಬಂದೋರಿಗೆಲ್ಲ ತೋರಿಸ್ತಿದ್ರು.”

ಅವನ ಹೆಂಡತಿ ಚೀಲ ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಮರಳಿ ಇಡತೊಡಗಿದಳು.