ಕಪಿಲಾ ಕೋಣೆಯ ವೈಟ್‌ಬೋರ್ಡ್

ಬರೆದದ್ದನ್ನು ಒರೆಸಿದ ಕೂಡಲೇ ಮರೆತುಬಿಡಬೇಕು, ನಾನು ಹುಟ್ಟಿದ್ದೇ ಅದಕ್ಕೆ. ನಾನೊಂದು ವೈಟ್‌ಬೋರ್ಡ್. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡಿನ ಹಾಳೆಗೆ ಬಿಳಿ ಲೇಪ ಹಚ್ಚಿ, ಸುತ್ತಲೂ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ನನ್ನನ್ನು ಮಾಡಿದರು. ಮೇಸ್ತ್ರಿ ಒಂದು ಗೆರೆ ಎಳೆದು, ಬೆರಳಿನಿಂದ ಒರೆಸಿ, "ಕಲೆ ನಿಲ್ಲಲ್ಲ, ಪ್ಯಾಕ್ ಮಾಡ್ರೋ" ಎಂದ. ಆ ಮಾತನ್ನು ಬಿರುದಿನಂತೆ ಹೊತ್ತು ಬಹಳ ಕಾಲ ಮೆರೆದೆ.

ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಮೂರನೇ ಮಹಡಿಯಲ್ಲಿ ನನ್ನನ್ನು ಗೋಡೆಗೆ ಹಾಕಿದರು. ಅಲ್ಲಿನ ಕೋಣೆಗಳಿಗೆಲ್ಲ ನದಿಗಳ ಹೆಸರು, ನನ್ನದು ಕಪಿಲಾ. ಕೆಲಸ ಕೇಳಿಕೊಂಡು ಬಂದವರು ನನ್ನ ಮೇಲೆ ಪ್ರೋಗ್ರಾಂ ಬರೆದು ತೋರಿಸಬೇಕು. ಹೆದರಿದವರ ಸಾಲುಗಳು ಬಲಕ್ಕೆ ಹೋದಂತೆ ಕೆಳಗಿಳಿಯುತ್ತಿದ್ದವು. ಒಬ್ಬ ಪುಣ್ಯಾತ್ಮ ಉತ್ತರ ಹೊಳೆಯದೆ ನನಗೆ ಹಣೆ ಒರಗಿಸಿ ನಿಂತುಬಿಟ್ಟಿದ್ದ. ಆಗೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಲ್ಲೊಂದು ಪದ್ಧತಿಯಿತ್ತು. ಒಂದು ದಿನ ಬಂದವರಿಗೆಲ್ಲ ಒಂದೇ ಪ್ರಶ್ನೆ, ಹೋಲಿಸಿ ನೋಡಲು ಸುಲಭವೆಂದು. ಸಂದರ್ಶನ ಮುಗಿದ ಮೇಲೆ ಬೋರ್ಡಿನ ಫೋಟೊ ತೆಗೆದು ವರದಿಗೆ ಸೇರಿಸಬೇಕು. ಆಮೇಲೆ ಮಹಡಿಯ ಸ್ವಚ್ಛತೆ ನೋಡಿಕೊಳ್ಳುವ ಮುನಿಯಮ್ಮ ಬಂದು ಒರೆಸಬೇಕು.

ಆ ಗುರುವಾರ ಸಂದರ್ಶನ ಮಾಡುತ್ತಿದ್ದವನು ಅನೂಪ್ ಕೆದಿಲಾಯ. ಬೆಳಿಗ್ಗೆ ಬಂದ ಹುಡುಗನಿಗೆ ಉತ್ತರ ಬರಲಿಲ್ಲ. ಪಾಪ ಎನಿಸಿ ಅನೂಪನೇ ಎದ್ದು ಬರೆದು ತೋರಿಸಿದ. ಕೈಗೆ ಸಿಕ್ಕಿದ್ದು ರಟ್ಟಿನ ಡಬ್ಬಗಳ ಮೇಲೆ ವಿಳಾಸ ಬರೆಯುವ ಪೆನ್ನು. ಅದರ ಮಸಿ ಒಣ ಬಟ್ಟೆಗೆ ಹೋಗುವಂಥದ್ದಲ್ಲ. ಮುನಿಯಮ್ಮ ತಿಕ್ಕಿ ತಿಕ್ಕಿ ಸುಸ್ತಾದಳು. ಕೊನೆಗೆ ತೆಳ್ಳನೆಯ ನೆರಳೊಂದು ಉಳಿಯಿತು.

"ಸಾರ್, ಇದು ಸರ್ಯಾಗ್ ಹೋಗ್ತಾ ಇಲ್ಲ" ಎಂದಳು.

"ಇರ್ಲಿ ಬಿಡಿ, ಕೆಳಗೆ ಜನ ಕಾಯ್ತಿದ್ದಾರೆ" ಎಂದ ಅನೂಪ್.

ಮಧ್ಯಾಹ್ನ ಬಂದವಳು ಗದಗಿನ ಶೈಲಜಾ ಬಡಿಗೇರ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದ ಲೆಕ್ಕ ಕೇಳಿಯೇ ನಾಲ್ಕು ಕಂಪನಿಗಳು ಅವಳನ್ನು ಬಾಗಿಲಿನಿಂದಲೇ ಕಳಿಸಿದ್ದವು. ಕೊನೆಯ ಸುತ್ತಿನವರೆಗೆ ಬಂದದ್ದು ಇಲ್ಲಿ ಮಾತ್ರ. ಅವಳು ಮೊದಲು ತಪ್ಪು ದಾರಿ ಹಿಡಿದಳು. ನಿಂತಳು. ಬೆರಳು ಮಡಚಿ ಎಣಿಸಿದಳು. ಅಂಗೈಯಿಂದಲೇ ಅರ್ಧ ಅಳಿಸಿ, ಬೇರೆ ದಾರಿಯಿಂದ ಬಂದು ಸರಿಯಾದ ಉತ್ತರ ಮುಟ್ಟಿದಳು. ಅವಳ ಕೈಯೆಲ್ಲ ನೀಲಿಯಾಗಿತ್ತು. ನನಗೇ ಕೆಲಸ ಸಿಕ್ಕಿದಷ್ಟು ಸಂತೋಷವಾಯಿತು.

ಅನೂಪ್ ಫೋಟೊಗೆಂದು ಎದ್ದ. ಟ್ಯೂಬ್‌ಲೈಟಿನ ಹೊಳಪು ತಪ್ಪಿಸಲು ಕಿಟಕಿಯ ಮೂಲೆಗೆ ಸರಿದ. ಅಲ್ಲಿಂದ ಓರೆಯಾಗಿ ನೋಡಿದರೆ ಮಾತ್ರ ಕಿಟಕಿಯ ಬೆಳಕಿನಲ್ಲಿ ಆ ನೆರಳು ಎದ್ದು ಕಾಣುತ್ತದೆ. ಅವಳ ಸಾಲುಗಳ ಪಕ್ಕದಲ್ಲಿ ಬೆಳಗಿನ ಉತ್ತರವೆಲ್ಲ ಅವನಿಗೆ ಕಂಡಿತು.

"ಇದನ್ನ ನೋಡ್ಕೊಂಡು ಬರೆದ್ರಾ?"

"ಯಾವುದನ್ನ್ರೀ ಸರ್?" ಶೈಲಜಾ ನನ್ನ ಹತ್ತಿರ ಬಗ್ಗಿ ಹುಡುಕಿದಳು. "ಎಲ್ಲೈತ್ರಿ? ನನಗ ಏನೂ ಕಾಣವಲ್ದು."

ಅವಳ ಕಣ್ಣು ನನ್ನಿಂದ ಒಂದು ಗೇಣು ದೂರದಲ್ಲಿತ್ತು. ನಿಜವಾಗಿಯೂ ಅವಳಿಗೆ ಕಾಣುತ್ತಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತಿತ್ತು. ಅನೂಪ್ ಅದನ್ನು ನಾಟಕ ಎಂದುಕೊಂಡ. "ಆಯ್ತು, ತಿಳಿಸ್ತೀವಿ" ಎಂದ. ಅವಳು ಚೀಲ ತೆಗೆದುಕೊಂಡು, "ನಾ ನೋಡಿ ಬರದಿಲ್ರೀ ಸರ್" ಎಂದು ಮತ್ತೊಮ್ಮೆ ಮೆಲ್ಲಗೆ ಹೇಳಿ ಹೋದಳು. ಅನೂಪ್ ವರದಿಯಲ್ಲಿ ನಕಲು ಎಂದೇ ಬರೆದ. ಹಾಗೆ ವರದಿಯಾದವರಿಗೆ ಆ ಕಂಪನಿಯ ಬಾಗಿಲು ಮತ್ತೆಂದೂ ತೆರೆಯುವುದಿಲ್ಲ.

ಸೋಮವಾರ ಅನೂಪ್ ಒಬ್ಬನೇ ಕೋಣೆಗೆ ಬಂದ. ಏನೋ ಬರೆಯಲೆಂದು ಅವಳು ನಿಂತಿದ್ದ ಜಾಗದಲ್ಲೇ ನಿಂತ. ನಿಂತವನು ಬಗ್ಗಿ ನೋಡಿದ, ತಲೆ ಓರೆ ಮಾಡಿ ನೋಡಿದ. ಕಿಟಕಿಯ ಮೂಲೆಗೆ ಹೋದ, ಮತ್ತೆ ಬಂದ. ಅಲ್ಲಿಂದ ಕಾಣುವುದು ಇಲ್ಲಿಂದ ಕಾಣದು. ಮೂರು ಸಲ ಓಡಾಡಿ ಕುರ್ಚಿಯಲ್ಲಿ ಕುಸಿದು ಕುಳಿತ. ಆಮೇಲೆ ನೇಮಕಾತಿ ವಿಭಾಗಕ್ಕೆ ಫೋನು ಮಾಡಿದ.

"ಮೇಡಂ, ಗುರುವಾರದ ಕ್ಯಾಂಡಿಡೇಟ್... ಶೈಲಜಾ. ರಿಪೋರ್ಟ್ ಮೇಲೆ ಹೋಯ್ತಾ?" ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದ. ಹೇಳು, ಹೇಳಿಬಿಡು ಮಾರಾಯ ಎಂದು ನಾನು ಗೋಡೆಯಲ್ಲೇ ಒದ್ದಾಡಿದೆ. "ಇಲ್ಲ ಮೇಡಂ, ಏನಿಲ್ಲ. ಸುಮ್ನೆ ಕೇಳ್ದೆ."

ಮುನಿಯಮ್ಮನನ್ನು ಕರೆದ. "ಇದನ್ನ ಸ್ಪಿರಿಟ್ ಹಾಕಿ ಪೂರ್ತಿ ತೆಗೆದುಬಿಡಿ."

"ಅವತ್ತೇ ಹೇಳಿದ್ನಲ್ಲ ಸಾರ್."

ಅವನು ಕಿಟಕಿಯ ಕಡೆ ತಿರುಗಿಕೊಂಡ. ಬಟ್ಟೆ ತಣ್ಣಗೆ ನನ್ನ ಮೇಲೆ ಓಡಾಡಿತು. ಅವಳಿಗೆ ಕಾಣಲಿಲ್ಲವೆಂಬುದು ಸುಳ್ಳಲ್ಲ ಎಂದು ಯಾರನ್ನಾದರೂ ಅವಳ ಜಾಗದಲ್ಲಿ ನಿಲ್ಲಿಸಿ ತೋರಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿ ನನ್ನ ಮೈಮೇಲಿತ್ತು. ಎರಡು ನಿಮಿಷದಲ್ಲಿ ಅದೂ ಹೋಯಿತು.

ಮುಂದೆ ಸಂದರ್ಶನಗಳೆಲ್ಲ ಕಂಪ್ಯೂಟರಿನಲ್ಲೇ ನಡೆಯತೊಡಗಿದವು. ನಮ್ಮನ್ನೆಲ್ಲ ಒಟ್ಟಿಗೆ ಮಾರಿದರು. ಈಗ ಹಳೆಯ ಮೇಜು ಕುರ್ಚಿ ಮಾರುವ ಅಂಗಡಿಯ ಮೂಲೆಯಲ್ಲಿ ಒರಗಿ ನಿಂತಿದ್ದೇನೆ. ಪಟ್ಟಿ ಸಡಿಲವಾಗಿದೆ, ಒಂದು ಮೂಲೆ ನಗ್ಗಿದೆ. ಆದರೂ ಗಿರಾಕಿ ಬಂದಾಗಲೆಲ್ಲ ಅಂಗಡಿಯವನು ನನ್ನನ್ನು ಬೆಳಕಿಗೆ ಎಳೆದು, ಅಂಗೈಯಿಂದ ಸವರಿ ತೋರಿಸುತ್ತಾನೆ.

"ನೋಡಿ ಸಾರ್, ಎಲ್ಲಾದ್ರೂ ಒಂದು ಕಲೆ ಇದ್ಯಾ?"

ಗಿರಾಕಿ ಹತ್ತಿರ ಬಗ್ಗಿ ನೋಡಿ, ಇಲ್ಲ ಎನ್ನುತ್ತಾನೆ. ಶೈಲಜಾ ಕೂಡ ಹೀಗೇ ಬಗ್ಗಿ ನೋಡಿದ್ದಳು. ನನಗೆ ಗೋಡೆಯ ಕಡೆ ತಿರುಗಿ ನಿಲ್ಲಬೇಕೆನಿಸುತ್ತದೆ.